ಹಾಡಿನ ನಡುಭಾಗ

ಆಲ್ಮಾ ಲೇಪಿಕ್ ಸಂಗೀತ ಬರೆಯಲಾರಳು ಎಂದು ಮೊದಲು ಹೇಳಿದವನು ಅವಳ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು.

ಆಲ್ಮಾ ಬೇಕರಿಯವನ ಮಗಳು. ಬ್ರೆಡ್ಡು ಕೊಡಲು ಚರ್ಚಿಗೆ ಹೋದವಳು, ಆರ್ಗನ್ನಿನ ಮೇಲೆ ತೆರೆದಿಟ್ಟ ಸ್ವರಲಿಪಿಯ ಪುಸ್ತಕವನ್ನು ನೋಡುತ್ತ ನಿಂತುಬಿಡುತ್ತಿದ್ದಳು.

"ಏನು ನೋಡುತ್ತೀ? ಅದು ನಿನಗೆ ಅರ್ಥವಾಗುವಂಥದ್ದಲ್ಲ," ಎಂದ ಅವನು. "ನಿನ್ನ ಕೈ ಹಿಟ್ಟು ನಾದುವುದಕ್ಕೆ ಸರಿ."

ಆಮೇಲೆ ಹೇಳಿದವಳು ಅವಳ ಚಿಕ್ಕಮ್ಮ.

"ಹೆಂಗಸರು ಹಾಡುತ್ತಾರೆ. ಹಾಡು ಬರೆಯುವವರು ಗಂಡಸರು. ನೀನು ಯಾವಾಗ ಗಂಡಸಾದೆ?"

ಕೊನೆಗೆ ಪಟ್ಟಣದ ಸಂಗೀತ ಶಾಲೆಯ ಮುಖ್ಯಸ್ಥ. ಅವಳು ಬರೆದು ತಂದ ಹಾಳೆಗಳನ್ನು ತಿರುವಿ ಹಾಕಿ ಕೇಳಿದ:

"ಇದನ್ನೆಲ್ಲ ನಿನಗೆ ಯಾರು ಕಲಿಸಿದರು?"

"ಯಾರೂ ಇಲ್ಲ."

"ಗೊತ್ತಾಗುತ್ತದೆ."

ಆಲ್ಮಾ ಹಾಳೆಗಳನ್ನು ಎತ್ತಿಕೊಂಡು ಮನೆಗೆ ಬಂದಳು. ಬೆಳಿಗ್ಗೆ ಹಿಟ್ಟು ನಾದಿದಳು, ಮಧ್ಯಾಹ್ನ ಸಂಗೀತದ ಪುಸ್ತಕ ಓದಿದಳು. ಅರ್ಥವಾಗದ್ದನ್ನು ಬಿಟ್ಟು ಮುಂದೆ ಹೋಗುವುದು ಅವಳಿಗೆ ಗೊತ್ತಿರಲಿಲ್ಲ. ಅರ್ಥವಾಗುವವರೆಗೆ ಅದೇ ಪುಟದಲ್ಲಿ ಕೂತಿರುತ್ತಿದ್ದಳು.

ಅವಳ ದೇಶ ಎಸ್ಟೋನಿಯಾ. ಉತ್ತರದ ತಣ್ಣನೆಯ ಸಮುದ್ರದ ದಡದಲ್ಲಿರುವ ಚಿಕ್ಕ ದೇಶ. ಅಲ್ಲಿ ಕೆಲವು ವರ್ಷಗಳಿಗೊಮ್ಮೆ, ಬೇಸಿಗೆಯಲ್ಲಿ, ಹಾಡಿನ ಹಬ್ಬ ನಡೆಯುತ್ತದೆ. ಊರೂರಿನ ಹಾಡುವ ಮೇಳಗಳೆಲ್ಲ ಒಂದು ದೊಡ್ಡ ಬಯಲಿನಲ್ಲಿ ಸೇರುತ್ತವೆ. ಕಮಾನಿನಂಥ ಒಂದೇ ವೇದಿಕೆಯ ಮೇಲೆ ಸಾವಿರಾರು ಜನ ನಿಂತು ಒಂದೇ ಹಾಡನ್ನು ಹಾಡುತ್ತಾರೆ. ಆ ಬಯಲಿನಲ್ಲಿ ಜನ ಒಪ್ಪಿದ ಹಾಡು ದೇಶದಲ್ಲಿ ಉಳಿಯುತ್ತದೆ.

ಒಂದು ಬೇಸಿಗೆಯಲ್ಲಿ ಆಲ್ಮಾಳ ಹಾಡನ್ನು ಅಲ್ಲಿ ಹಾಡಿದರು. ಜನ ಒಪ್ಪಿದರು. ಆಮೇಲೆ ಅದನ್ನು ಮದುವೆಯಲ್ಲಿ ಹಾಡಿದರು, ದೋಣಿಯಲ್ಲಿ ಹಾಡಿದರು, ಹೆಣ ಮಣ್ಣು ಮಾಡುವಾಗ ಹಾಡಿದರು.

ಅವಳು ಸಿಂಫನಿ ಬರೆದಳು. ಬೇರೆ ದೇಶಗಳ ದೊಡ್ಡ ಸಭಾಂಗಣಗಳಲ್ಲಿ ಅದನ್ನು ನುಡಿಸಿದರು. ಪಟ್ಟಣದ ಸಂಗೀತ ಶಾಲೆ, ಬಂದು ಪಾಠ ಹೇಳಿ ಎಂದು ಕರೆಯಿತು.

"ನನಗೆ ಯಾರೂ ಕಲಿಸಿಲ್ಲ," ಎಂದು ಹೇಳಿ ಕಳಿಸಿದಳು. ಹೋಗಲಿಲ್ಲ.

ವಯಸ್ಸಾದ ಮೇಲೆ ಆಲ್ಮಾ ಒಂದು ನದಿಯ ದಡದ ಮನೆಯಲ್ಲಿ ಒಬ್ಬರೇ ಇದ್ದರು. ಜನ ಅವರನ್ನು ಗುರುಗಳು ಎನ್ನುತ್ತಿದ್ದರು. ಶಿಷ್ಯರು ಮಾತ್ರ ಒಬ್ಬರೂ ಇರಲಿಲ್ಲ.

ಆ ಮನೆಗೆ ವೀವಿ ಬಂದಳು.

ವೀವಿ ಜೌಗು ನೆಲದ ಅಂಚಿನ ಹಳ್ಳಿಯವಳು. ಚಿಕ್ಕಂದಿನಿಂದ ಬೇರೆಯವರ ಹಸು ಕಾದು ಬೆಳೆದವಳು. ಸಂಗೀತ ಶಾಲೆ ಅವಳನ್ನೂ ಸೇರಿಸಿಕೊಂಡಿರಲಿಲ್ಲ.

ಬಾಗಿಲಲ್ಲೇ ನಿಂತು ತಾನು ಕಟ್ಟಿದ ಹಾಡು ಹಾಡಿದಳು. ಆಲ್ಮಾ ಕೊನೆಯವರೆಗೂ ಕೇಳಿದರು.

"ನಿನ್ನ ಕೈಲಿ ಆಗುವುದಿಲ್ಲ," ಎಂದರು.

"ಯಾಕೆ ಗುರುಗಳೇ?"

"ಯಾಕೆ ಎಂದು ನನ್ನನ್ನು ಕೇಳಿದೆಯಲ್ಲ, ಅದಕ್ಕೆ."

ಬಾಗಿಲು ಹಾಕಿಕೊಂಡರು.

ಸಂಜೆ ನೀರು ತರಲು ಬಾಗಿಲು ತೆರೆದರೆ ವೀವಿ ಅಂಗಳದಲ್ಲಿ ಚೆಲ್ಲಾಡಿದ್ದ ಸೌದೆಯನ್ನು ಗೋಡೆಯ ಪಕ್ಕ ಜೋಡಿಸುತ್ತಿದ್ದಳು.

"ಹೋಗಲಿಲ್ಲವೇ ನೀನು?"

"ಆಗುವುದಿಲ್ಲ ಎಂದಿರಿ. ಹೋಗು ಎನ್ನಲಿಲ್ಲ."

ಆಲ್ಮಾ ಜೋಡಿಸಿದ ಸೌದೆಯನ್ನು ನೋಡಿದರು. ಅವಳನ್ನು ನೋಡಿದರು.

"ದಪ್ಪದ್ದನ್ನು ಕೆಳಗಿಡಬೇಕು," ಎಂದರು. "ಒಲೆಯ ಪಕ್ಕದ ಕೋಣೆ ಖಾಲಿ ಇದೆ."

ಚಳಿಗಾಲವಿಡೀ ಆಲ್ಮಾ ಕಲಿಸಿದ್ದು ಒಂದೇ ಪಾಠ.

ಅಕ್ಕಪಕ್ಕದ ಮನೆಗಳ ಹೆಂಗಸರು ಆಲ್ಮಾ ಅವರ ಮನೆಯಲ್ಲಿ ಸೇರಿ ಹಾಡುತ್ತಿದ್ದರು. ವೀವಿಯನ್ನು ನಡುವೆ ನಿಲ್ಲಿಸಿ ಆಲ್ಮಾ ಹೇಳುತ್ತಿದ್ದರು:

"ನಿನ್ನ ಸ್ವರ ನಿನಗೇ ಕೇಳಿಸುತ್ತಿದ್ದರೆ ಅದು ಜೋರಾಯಿತು ಎಂದು ತಿಳಿ. ಮೊದಲು ಪಕ್ಕದವಳನ್ನು ಕೇಳಿಸಿಕೊ. ಆಮೇಲೆ ಬಾಯಿ ತೆಗೆ."

ವೀವಿ ಕೇಳಿಸಿಕೊಂಡಳು. ಪಕ್ಕದವಳು ಉಸಿರು ಎಳೆದುಕೊಳ್ಳುವುದೂ ಕೇಳಿಸತೊಡಗಿತು. ಇದೇ ಇರಬೇಕು ಸಂಗೀತದ ಗುಟ್ಟು ಎಂದುಕೊಂಡಳು.

ಆ ಚಳಿಗಾಲದಲ್ಲೇ ಒಂದು ಹಾಡು ಬರೆದಳು. ಗುರುಗಳಿಗೆ ಹೇಳದೆ ಹಬ್ಬದ ಮಂಡಳಿಗೆ ಕಳಿಸಿದಳು.

ಹಿಮ ಕರಗುವ ಹೊತ್ತಿಗೆ ಒಸ್ಕಾರ್ ರೂಸ್ ಬಂದ. ಹಬ್ಬದಲ್ಲಿ ಎಲ್ಲ ಮೇಳಗಳನ್ನೂ ಒಟ್ಟಿಗೆ ಹಾಡಿಸುವವನು ಅವನೇ. ದೊಡ್ಡ ಮೈಯ, ಒಳ್ಳೆಯ ಮನಸ್ಸಿನ ಮನುಷ್ಯ.

"ಆಲ್ಮಾ ಅವರೇ, ನಿಮ್ಮ ಮನೆ ಹುಡುಗಿಯ ಹಾಡನ್ನು ಮಂಡಳಿ ಒಪ್ಪಿದೆ," ಎಂದ. "ಈ ಬೇಸಿಗೆಯಲ್ಲಿ ಹಾಡಿಸುತ್ತೇವೆ."

ಆಲ್ಮಾ ವೀವಿಯ ಕಡೆ ತಿರುಗಿದರು.

"ಕಳಿಸಿದೆಯಾ?"

"ಕಳಿಸಿದೆ."

"ನನ್ನನ್ನು ಕೇಳಲಿಲ್ಲ."

"ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದಿರಿ."

"ಹೌದು, ಎನ್ನುತ್ತಿದ್ದೆ," ಎಂದು ಆಲ್ಮಾ ಒಸ್ಕಾರನಿಗೆ ಕಾಫಿ ಬಗ್ಗಿಸಿದರು.

ವಸಂತದಲ್ಲಿ ಸುತ್ತಲಿನ ಊರುಗಳ ಮೇಳಗಳನ್ನೆಲ್ಲ ಬಯಲಿಗೆ ಕರೆದರು. ಹಳೆಯ ಹಾಡುಗಳ ತಾಲೀಮು. ಆಲ್ಮಾ ತಮ್ಮ ಮನೆಯ ಮೇಳವನ್ನು ಸಾಲಾಗಿ ನಿಲ್ಲಿಸಿ ಹೇಳಿದರು:

"ಇಲ್ಲಿ ಪಕ್ಕದವಳನ್ನು ಕೇಳಿಸಿಕೊಳ್ಳಬೇಡಿ. ಒಸ್ಕಾರನ ಕೈ ನೋಡಿ. ಕೈ ಬಿದ್ದಾಗ ಹಾಡಿ. ಕಿವಿಗೆ ಏನು ಬಿದ್ದರೂ ನಂಬಬೇಡಿ."

ವೀವಿ ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡಳು.

ಪಕ್ಕದಲ್ಲಿದ್ದ ಹೆಂಗಸು ನಕ್ಕಳು. "ಚಳಿಗಾಲವೆಲ್ಲ ಕೇಳು ಕೇಳು ಎಂದರು. ಈಗ ಕೇಳಬೇಡ ಅಂತೆ. ನಮ್ಮ ಯಜಮಾನರ ಹಾಗೇ ಆಯಿತು."

ಮನೆಗೆ ಬರುವ ದಾರಿಯಲ್ಲಿ ವೀವಿ ತಡೆಯಲಾರದೆ ಕೇಳಿದಳು.

"ಗುರುಗಳೇ, ಕೇಳಿಸಿಕೊಳ್ಳಬೇಕೋ, ಬೇಡವೋ?"

ಆಲ್ಮಾ ಅವಳನ್ನು ನದಿಯ ದಡಕ್ಕೆ ಕರೆದುಕೊಂಡು ಹೋದರು. ಆ ಬದಿಯಲ್ಲಿ, ದೂರದಲ್ಲಿ, ಒಬ್ಬ ಸೌದೆ ಒಡೆಯುತ್ತಿದ್ದ. ಕೊಡಲಿ ಬೀಳುವುದು ಕಾಣುತ್ತಿತ್ತು. ಅದು ಮತ್ತೆ ಮೇಲೆ ಏಳುವ ಹೊತ್ತಿಗೆ ಬಿದ್ದ ಸದ್ದು ಈ ದಡಕ್ಕೆ ಬರುತ್ತಿತ್ತು.

"ಅವನು ಒಡೆದದ್ದು ಯಾವಾಗ?" ಎಂದರು ಆಲ್ಮಾ.

"ಈಗ."

"ಯಾವ ಈಗ?"

ವೀವಿ ಇನ್ನೊಮ್ಮೆ ನೋಡಿದಳು. ಇನ್ನೊಮ್ಮೆ ಕೇಳಿದಳು.

"ಕೊಡಲಿ ಬಿದ್ದಾಗ."

"ಹಾಗಾದರೆ ನಿನಗೆ ಕೇಳಿಸಿದ್ದು?"

"ಅದು ಆಗಲೇ ಆಗಿಹೋದದ್ದು."

"ನಾನು ಈಗ ಮಾತಾಡುತ್ತಿದ್ದೇನಲ್ಲ, ಇದು?"

ವೀವಿ ಗುರುಗಳ ಬಾಯಿಯನ್ನೇ ನೋಡಿದಳು. ಬಾಯಿ ಮುಚ್ಚಿತ್ತು.

"ನನಗೆ ಏನೂ ತಿಳಿಯಲಿಲ್ಲ ಗುರುಗಳೇ."

"ಚಳಿಗಾಲದಲ್ಲಿ ನೀನು ಎಲ್ಲ ತಿಳಿಯಿತು ಎಂದುಕೊಂಡಿದ್ದೆ. ಅದಕ್ಕಿಂತ ಇದು ವಾಸಿ," ಎಂದು ಆಲ್ಮಾ ಮನೆಯ ಕಡೆ ನಡೆದರು.

ವೀವಿಯ ಹಾಡಿನ ಮಾತುಗಳು ಸರಳವಾಗಿದ್ದವು. ಬೆಳಗಿನ ಮಂಜು, ಜೌಗು ನೆಲ, ಹಸುಗಳು. ಮೊದಲ ಭಾಗವೂ ಕೊನೆಯ ಭಾಗವೂ ಒಂದು ಸಲ ಕೇಳಿದರೆ ನಾಲಿಗೆಯ ಮೇಲೆ ನಿಲ್ಲುವಂಥವು.

ನಡುವೆ ಮಾತಿರಲಿಲ್ಲ. ಹಸು ಕಾಯುವ ಹುಡುಗಿಯರು ಜೌಗು ನೆಲದ ಆ ಕಡೆಯಿಂದ ಈ ಕಡೆಗೆ ಕೂಗುತ್ತಾರೆ. ಒಬ್ಬಳು ಕೂಗಿದರೆ ಇನ್ನೊಬ್ಬಳು ಉತ್ತರ ಕೊಡುತ್ತಾಳೆ. ನಾನು ಇಲ್ಲಿದ್ದೇನೆ, ಹಸುಗಳು ಇವೆ, ತೋಳ ಬಂದಿಲ್ಲ ಎಂಬುದಷ್ಟೇ ಅದರ ಅರ್ಥ. ಆ ಕೂಗನ್ನು ವೀವಿ ಹಾಡಿನ ನಡುಭಾಗ ಮಾಡಿದ್ದಳು. ವೇದಿಕೆಯ ಬಲಬದಿಯವರು ಕೂಗಬೇಕು, ಎಡಬದಿಯವರು ತಕ್ಷಣ ಉತ್ತರ ಕೊಡಬೇಕು. ಒಂದರ ಬೆನ್ನಿಗೆ ಒಂದು, ಚುರುಕಾಗಿ.

ಆ ಹಾಡಿನಲ್ಲಿ ಅವಳದೇ ಎನ್ನುವಂಥದ್ದು ಅದೊಂದೇ. ಉಳಿದದ್ದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಅದು ಅವಳಿಗೂ ಗೊತ್ತಿತ್ತು.

ಹಬ್ಬಕ್ಕೆ ಎರಡು ದಿನ ಇರುವಾಗ ದೇಶದ ಮೇಳಗಳೆಲ್ಲ ಬಯಲಿಗೆ ಬಂದವು. ಒಸ್ಕಾರ್ ಎತ್ತರದ ಕಟ್ಟೆ ಹತ್ತಿ ಕೈ ಎತ್ತಿದ. ವೀವಿಯ ಹಾಡು ಶುರುವಾಯಿತು.

ಮೊದಲ ಭಾಗ ಚೆನ್ನಾಗಿ ಬಂತು.

ನಡುಭಾಗದಲ್ಲಿ ಬಲಬದಿಯವರು ಕೂಗಿದರು. ಎಡಬದಿಯವರು ಕೇಳಿಸಿಕೊಂಡು ಉತ್ತರ ಕೊಟ್ಟರು. ವೇದಿಕೆ ಅಷ್ಟು ಅಗಲ. ಕೂಗು ಆ ತುದಿ ಮುಟ್ಟುವಾಗ ತಡವಾಗಿತ್ತು, ಉತ್ತರ ಈ ತುದಿಗೆ ವಾಪಸು ಬರುವಾಗ ಇನ್ನೂ ತಡವಾಗಿತ್ತು. ಬಲಬದಿಯವರು ಕಾದರು. ಎಡಬದಿಯವರೂ ಕಾದರು. ಒಸ್ಕಾರನ ಕೈ ಒಂದು ಕಡೆ, ಹಾಡು ಒಂದು ಕಡೆ. ಸ್ವಲ್ಪ ಹೊತ್ತಿನಲ್ಲಿ ಯಾರು ಕೂಗುವವರು, ಯಾರು ಉತ್ತರ ಕೊಡುವವರು ಎಂದೇ ತಿಳಿಯದಾಯಿತು. ಹಾಡು ನಿಂತುಹೋಯಿತು.

ಯಾರೋ ಹಸುವಿನ ಹಾಗೆ ಅಂಬಾ ಎಂದರು. ಸಾವಿರಾರು ಜನ ನಕ್ಕರು.

ಒಸ್ಕಾರ್ ಕೆಳಗಿಳಿದು ಬಂದ. ಅವನು ನಗುತ್ತಿರಲಿಲ್ಲ.

"ತಂಗಿ, ನಡುಭಾಗ ತೆಗೆದುಬಿಡು," ಎಂದ. "ಮೊದಲನೆಯದಕ್ಕೆ ಕೊನೆಯದನ್ನು ಹೊಲಿದರೆ ಹಾಡು ಎಷ್ಟು ಚೆಂದ ನಿಲ್ಲುತ್ತದೆ ನೋಡು. ಈ ದೇಶದ ಮಕ್ಕಳೆಲ್ಲ ಅದನ್ನು ಹಾಡುತ್ತಾರೆ. ನಾನು ಮಾತು ಕೊಡುತ್ತೇನೆ, ನಾನಿರುವವರೆಗೂ ಪ್ರತಿ ಹಬ್ಬದಲ್ಲೂ ಹಾಡಿಸುತ್ತೇನೆ."

"ತೆಗೆಯದಿದ್ದರೆ?"

"ಮುರಿದುಬೀಳುವ ಹಾಡನ್ನು ಹಬ್ಬದಲ್ಲಿ ಹೇಗೆ ಹಾಡಿಸಲಿ? ಹಾಡೇ ಇರುವುದಿಲ್ಲ. ನಾಳೆ ಮಧ್ಯಾಹ್ನದೊಳಗೆ ಹೇಳು."

ಮರುದಿನ ಬೆಳಿಗ್ಗೆ ಆಲ್ಮಾ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದರು. ಅಷ್ಟು ದೊಡ್ಡ ಹೆಸರಾದರೂ ಬ್ರೆಡ್ಡನ್ನು ಹೊರಗಿನಿಂದ ತಂದವರಲ್ಲ.

"ಗುರುಗಳೇ, ನಡುಭಾಗ ತೆಗೆಯಲೇ, ಬೇಡವೇ?" ಎಂದಳು ವೀವಿ.

"ಆ ಪ್ರಶ್ನೆಗೆ ನಾನು ಒಮ್ಮೆ ಉತ್ತರ ಕೊಟ್ಟಾಗಿದೆ."

"ಯಾರಿಗೆ?"

"ಕೇಳಿದವನಿಗೆ."

"ಅವರು ಎಲ್ಲಿದ್ದಾರೆ?"

"ಸತ್ತ."

ವೀವಿಗೆ ಅಳು ಬಂತು, ಸಿಟ್ಟೂ ಬಂತು. "ನಿಮ್ಮನ್ನು ನಂಬಿ ಬಂದೆ. ಒಂದು ಸಲ ಕೇಳು ಎನ್ನುತ್ತೀರಿ, ಒಂದು ಸಲ ಕೇಳಬೇಡ ಎನ್ನುತ್ತೀರಿ. ಕೊಡಲಿ ತೋರಿಸುತ್ತೀರಿ. ಮಧ್ಯಾಹ್ನ ಒಸ್ಕಾರ್ ಅವರಿಗೆ ನಾನು ಏನು ಹೇಳಲಿ? ಕೊಡಲಿ ಎನ್ನಲೇ?"

"ಸೌದೆಯ ಸಿಬಿರು ಮುಗಿದಿದೆ," ಎಂದರು ಆಲ್ಮಾ. "ಒಲೆ ಹೊತ್ತಿಸಬೇಕು. ಆ ದಡದಲ್ಲಿ ಸೌದೆಯವನ ಹತ್ತಿರ ಸಿಗುತ್ತದೆ. ದೋಣಿ ತೆಗೆದುಕೊಂಡು ಹೋಗಿ ತಾ."

ವೀವಿ ಹೋದಳು. ನದಿಯ ಮೇಲೆ ದಟ್ಟ ಮಂಜು. ಆ ದಡ ಮುಟ್ಟಿ ತಿರುಗಿ ನೋಡಿದರೆ ಮನೆ ಇಲ್ಲ, ದಡ ಇಲ್ಲ, ನೀರೂ ಇಲ್ಲ.

ಮಂಜಿನ ಒಳಗಿಂದ ಆಲ್ಮಾ ಕೂಗಿದರು. "ವೀವೀ..."

ವೀವಿ ಉತ್ತರ ಕೊಟ್ಟಳು. ಬಾಯಿಂದ ಬಂದದ್ದು ಮಾತಲ್ಲ. ಹಸು ಕಾಯುವಾಗಿನ ಕೂಗು. ಯೋಚಿಸಿ ಕೊಟ್ಟದ್ದಲ್ಲ, ಬಂದುಬಿಟ್ಟಿತು.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ, "ವೀವೀ..."

ಮತ್ತೆ ಉತ್ತರ.

ಹೀಗೆ ಕೆಲವು ಸಲ ಆಯಿತು. ಆಮೇಲೆ ಆ ಕಡೆಯಿಂದ ಏನೂ ಬರಲಿಲ್ಲ.

ವೀವಿ ದಡದ ಮೇಲೆ ಕೂತಳು. ತಾನು ಕಾಯುತ್ತಿದ್ದೆನೇ? ಇಲ್ಲ. ತಡವಾಯಿತು ಎನಿಸಿತೇ? ಇಲ್ಲ. ಜೌಗು ನೆಲದಲ್ಲಿ ಎಷ್ಟು ವರ್ಷ ಕೂಗಿದ್ದಳು. ಎಂದಾದರೂ ಉತ್ತರ ತಡವಾಯಿತು ಎಂದು ಯಾರಾದರೂ ಅಂದದ್ದುಂಟೇ?

ಅವಳು ದೋಣಿ ಹತ್ತಿ ಜೋರಾಗಿ ಹುಟ್ಟು ಹಾಕಿದಳು.

"ಗುರುಗಳೇ," ಎಂದು ಅಡುಗೆಮನೆಗೆ ಓಡಿ ಬಂದಳು. "ನಿಮ್ಮ ಕೂಗು ತಡವಾಗಿ ಬರಲಿಲ್ಲ. ದೂರದಿಂದ ಬಂತು."

"ಸಿಬಿರು ಎಲ್ಲಿ?" ಎಂದರು ಆಲ್ಮಾ.

ಸಿಬಿರು ಮರೆತುಹೋಗಿತ್ತು. ಆಲ್ಮಾ ಒಂದು ಸೌದೆಯನ್ನೇ ಸೀಳಿ ಒಲೆ ಹೊತ್ತಿಸಿದರು.

ವೀವಿ ಮೇಜಿನ ಮುಂದೆ ಕೂತು ನಡುಭಾಗದ ತಾಳದ ಗೆರೆಗಳನ್ನೆಲ್ಲ ಅಳಿಸಿದಳು. ಮೇಲೆ ಬರೆದಳು: ಇಲ್ಲಿ ಕೈ ನೋಡಬೇಡಿ. ಕೂಗು ನಿಮ್ಮನ್ನು ಮುಟ್ಟಿದಾಗ ಉತ್ತರ ಕೊಡಿ. ಮುಟ್ಟುವ ಮುಂಚೆ ಬೇಡ.

ಮಧ್ಯಾಹ್ನ ಒಸ್ಕಾರ್ ಅದನ್ನು ಓದಿದ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ.

"ಇಲ್ಲಿ ನಾನು ಏನು ಮಾಡುತ್ತಿರುತ್ತೇನೆ?"

"ಕೈ ಇಳಿಸಿ ನಿಂತಿರುತ್ತೀರಿ."

"ಅಷ್ಟು ಜನರ ಮುಂದೆ? ಕೈ ಇಳಿಸಿ?"

"ಹೌದು."

"ಆಮೇಲೆ ಅವರನ್ನೆಲ್ಲ ಮತ್ತೆ ಒಟ್ಟಿಗೆ ತರುವವರು ಯಾರು?"

"ನೀವೇ. ಕೈ ಎತ್ತುತ್ತೀರಿ, ಬರುತ್ತಾರೆ."

"ಬಾರದಿದ್ದರೆ?"

ವೀವಿ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ," ಎಂದಳು.

ಒಸ್ಕಾರ್ ಆಲ್ಮಾ ಕಡೆ ತಿರುಗಿದ. "ನೀವಾದರೂ ಹೇಳಿ. ಇದು ಆಗುವ ಮಾತೇ?"

"ನನಗೂ ಗೊತ್ತಿಲ್ಲ," ಎಂದರು ಆಲ್ಮಾ.

ವೀವಿ ಬೆಚ್ಚಿ ನೋಡಿದಳು. "ನೀವೇ ಅಲ್ಲವೇ ದಾರಿ ತೋರಿಸಿದ್ದು?"

"ನಾನು ಸಿಬಿರು ತರಲು ಕಳಿಸಿದೆ."

ಒಸ್ಕಾರನಿಗೆ ನಗು ಬಂತು. ಆಮೇಲೆ ಅವನು ಮೃದುವಾಗಿ ಹೇಳಿದ:

"ತಂಗಿ, ಸರಿಯಾಗಿ ಕೇಳು. ನಡುಭಾಗ ತೆಗೆದರೆ ನಿನ್ನ ಹಾಡು ಉಳಿಯುತ್ತದೆ. ಅದು ಖಂಡಿತ. ಇಟ್ಟುಕೊಂಡು ಮುರಿದುಬಿದ್ದರೆ ಮಂಡಳಿಯವರು ನಿನ್ನನ್ನು ಇನ್ನು ಕರೆಯುವುದಿಲ್ಲ. ಅದೂ ಖಂಡಿತ. ನಾಳೆ ಬೆಳಿಗ್ಗೆ ಒಂದೇ ತಾಲೀಮಿಗೆ ಹೊತ್ತಿದೆ. ಅದರಲ್ಲಿ ಇದನ್ನು ಹೇಳಬಹುದು, ಹಾಡಿಸಿ ನೋಡುವುದಕ್ಕಾಗುವುದಿಲ್ಲ. ಯಾವುದು ಬೇಕು?"

ವೀವಿ ಗುರುಗಳನ್ನು ನೋಡಿದಳು. ಆಲ್ಮಾ ಬ್ರೆಡ್ಡು ಬೆಂದಿತೇ ಎಂದು ಒಲೆಯೊಳಗೆ ನೋಡುತ್ತಿದ್ದರು.

"ಇಟ್ಟುಕೊಳ್ಳುತ್ತೇನೆ," ಎಂದಳು.

"ಒಂದೇ ಒಂದು ಸಲ," ಎಂದ ಒಸ್ಕಾರ್. "ಅದೂ ಈ ಮನೆಯ ಬ್ರೆಡ್ಡಿನ ಋಣಕ್ಕೆ."

ಹಬ್ಬದ ದಿನ ಬಯಲು ತುಂಬಿತ್ತು. ಆಲ್ಮಾ ಜನರ ನಡುವೆ ಒಂದು ಬೆಂಚಿನ ಮೇಲೆ ಕೂತಿದ್ದರು. ವೀವಿ ವೇದಿಕೆಯ ಕೆಳಗೆ ನಿಂತಿದ್ದಳು.

ಮೊದಲ ಭಾಗ ಮುಗಿಯಿತು. ಒಸ್ಕಾರ್ ಕೈ ಇಳಿಸಿದ.

ಯಾರೂ ಬಾಯಿ ತೆರೆಯಲಿಲ್ಲ. ಕೈ ಇಳಿದದ್ದನ್ನು ಎಂದೂ ನೋಡದ ಜನ. ಆಮೇಲೆ ಬಲಬದಿಯ ತುದಿಯಲ್ಲಿ ಕೆಲವರು ಕೂಗಿದರು. ಕೂಗು ವೇದಿಕೆಯ ಉದ್ದಕ್ಕೂ ನಡೆಯಿತು. ಎಡತುದಿ ಮುಟ್ಟಿತು. ಅಲ್ಲಿಂದ ಉತ್ತರ ಎದ್ದಿತು.

ವೀವಿಗೆ ಜೌಗು ನೆಲವೇ ಅಲ್ಲಿಗೆ ಬಂದಂತಿತ್ತು.

ಆಗ, ಕೇಳಲು ಬಂದವರ ನಡುವಿನಿಂದ, ಬಯಲಿನ ಹಿಂಭಾಗದಿಂದ, ಒಬ್ಬ ಮುದುಕಿ ಉತ್ತರ ಕೊಟ್ಟಳು.

ಅದು ಹಾಡಿನಲ್ಲಿ ಇರಲಿಲ್ಲ.

ಇನ್ನೊಬ್ಬಳು ಕೊಟ್ಟಳು. ಬೇರೆ ಮೂಲೆಯಿಂದ ಮತ್ತೊಬ್ಬಳು. ಎಂದೋ ಹಸು ಕಾಯ್ದವರು ಬಯಲಿನ ತುಂಬ ಇದ್ದರು. ವೇದಿಕೆಯವರು ಅವರಿಗೆ ಉತ್ತರ ಕೊಟ್ಟರು. ಕೂಗು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಒಸ್ಕಾರ್ ಕೈ ಎತ್ತಿದ.

ಅರ್ಧ ಜನ ನೋಡಿದರು, ಕೊನೆಯ ಭಾಗ ಶುರು ಮಾಡಿದರು. ಉಳಿದವರು ಕೂಗುತ್ತಲೇ ಇದ್ದರು. ಒಸ್ಕಾರ್ ಇನ್ನೊಮ್ಮೆ ಕೈ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಹಾಡು ಒಂದು ಕಡೆ ಮುಗಿಯಿತು. ಕೂಗು ಇನ್ನೊಂದು ಕಡೆ ನಡೆಯುತ್ತಿತ್ತು. ಅದು ಯಾವಾಗ ನಿಂತಿತೋ, ನಿಂತಿತೋ ಇಲ್ಲವೋ, ಹೇಳುವುದು ಕಷ್ಟ.

ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಇನ್ನೂ ಮುಗಿದಿಲ್ಲ ಎಂದು ಅವರನ್ನು ಸುಮ್ಮನಿರಿಸಿದರು. ಕೆಲವರು ನಕ್ಕರು.

ಒಬ್ಬಳು ಬಂದು ವೀವಿಯನ್ನು ತಬ್ಬಿಕೊಂಡು ಅತ್ತಳು. ಅವಳ ಹಿಂದೆ ಬಂದ ಗಂಡಸು, "ಪಾಪ, ನಡುವೆ ಮರೆತುಹೋಯಿತೇನಮ್ಮ ಅವರಿಗೆ?" ಎಂದು ಕೇಳಿದ.

ಮಂಡಳಿಯವರು ಅವಳ ಮುಂದೆಯೇ ಹಾದು ಹೋದರು. ನಿಲ್ಲಲಿಲ್ಲ.

ಒಸ್ಕಾರ್ ಬೆವರು ಒರೆಸುತ್ತ ಬಂದ.

"ಚೆನ್ನಾಗಿತ್ತು," ಎಂದ. "ಇನ್ನು ಮೇಲೆ ಬೇಡ."

ಮರುದಿನ ಬೆಳಿಗ್ಗೆ ವೀವಿ ಗಂಟು ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಳು. ಆಲ್ಮಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮುಂದೆ ನದಿ.

"ಗುರುಗಳೇ, ನಾನು ಗೆದ್ದೆನೋ ಸೋತೆನೋ?"

"ಮಂಡಳಿಯವರು ಏನೆಂದರು?"

"ಹೇಳಿ ಕಳಿಸಿದ್ದಾರೆ. ಇನ್ನು ನನ್ನ ಹಾಡು ಬೇಡವಂತೆ."

"ಆ ಮುದುಕಿಯರು ಏನೆಂದರು?"

"ಅವರು ಮಾತಾಡಲಿಲ್ಲ. ಕೂಗಿದರು, ಅಷ್ಟೇ."

"ಹಾಗಾದರೆ ನನ್ನನ್ನು ಯಾಕೆ ಕೇಳುತ್ತೀ?"

"ನೀವು ಗುರುಗಳು. ನಿಮಗೆ ತಿಳಿಯದೇ?"

ಆಲ್ಮಾ ಬೆಂಚಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ನನ್ನ ಹಾಡು ಇದೆಯಲ್ಲ, ಎಲ್ಲರೂ ಹಾಡುವುದು," ಎಂದರು. "ಬರೆದಾಗ ಅದು ಇನ್ನೂ ಉದ್ದವಿತ್ತು. ನಡುವೆ ನಾಲ್ಕು ಸಾಲು. ನಮ್ಮಮ್ಮ ಹಿಟ್ಟು ನಾದುವಾಗ ಗುನುಗುತ್ತಿದ್ದದ್ದು. ಆಗ ಹಬ್ಬದಲ್ಲಿ ಹಾಡಿಸುತ್ತಿದ್ದವನು, ಜನರಿಗೆ ಕಷ್ಟವಾಗುತ್ತದೆ, ತೆಗೆದುಬಿಡುತ್ತೀಯಾ ಎಂದು ಕೇಳಿದ."

"ತೆಗೆದಿರಾ?"

"ತೆಗೆದೆ."

ವೀವಿ ಗಂಟನ್ನು ಕೆಳಗಿಟ್ಟಳು. "ಅದಕ್ಕೆ ನಿಮಗೆ ದುಃಖವಿದೆಯೇ?"

"ಇಲ್ಲ."

"ಈಗ ಯಾರಾದರೂ ಮತ್ತೆ ಕೇಳಿದರೆ?"

"ಮತ್ತೆ ತೆಗೆಯುತ್ತೇನೆ."

ವೀವಿ ಅವರ ಮುಖ ನೋಡಿದಳು. ಅಲ್ಲಿ ತಮಾಷೆ ಇರಲಿಲ್ಲ.

"ಹಾಗಾದರೆ ನಾನು ಮಾಡಿದ್ದು ತಪ್ಪೇ, ಗುರುಗಳೇ?"

"ಈ ಮನೆ ನನ್ನದು," ಎಂದರು ಆಲ್ಮಾ. "ಒಳಗಿನ ಪಿಯಾನೋ ನನ್ನದು. ದೇಶವೆಲ್ಲ ಹಾಡುವ ಹಾಡು ನನ್ನದು, ಅದರ ಮೇಲಿನ ಹೆಸರು ನನ್ನದು, ಯಾವುದಕ್ಕೂ ಯಾರ ಹಂಗೂ ಇಲ್ಲ. ಮೊನ್ನೆಮೊನ್ನೆಯವರೆಗೂ ಇಷ್ಟೆಲ್ಲ ಅಗ್ಗಕ್ಕೇ ಸಿಕ್ಕಿತು ಎಂದುಕೊಂಡಿದ್ದೆ. ನಿನ್ನೆ ಒಸ್ಕಾರ್ ಕೈ ಇಳಿಸಿದಾಗ, ನಮ್ಮಮ್ಮನ ಆ ನಾಲ್ಕು ಸಾಲನ್ನು ನೆನಪು ಮಾಡಿಕೊಳ್ಳೋಣ ಎಂದು ಆ ಬಯಲಿನಲ್ಲಿ ಕೂತು ನೋಡಿದೆ ವೀವಿ. ಒಂದು ಸ್ವರವೂ ಬರಲಿಲ್ಲ."